ಮದುವೆ ಸ್ಟುಡಿಯೋ, ಇನ್‌ಸ್ಟಿಟ್ಯೂಟ್, ಲೋಕಲ್ ಚಾನೆಲ್, ಸಿನಿಮಾ ಸೆಟ್: ಕ್ಯಾಮೆರಾ ಕೆಲ್ಸ ಕಲೀಲಿಕ್ಕೆ ಎಲ್ಲಿಗೆ ಹೋಗುದು?

ಪ್ಲಸ್ ಟು ರಿಸಲ್ಟ್ ಬಂತು ಅಂದ್ರೆ ಸಾಕು, ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮೀಡಿಯಂ ಮಕ್ಕಳದ್ದು ನನಗೆ ಒಂದೇ ಪ್ರಶ್ನೆ. ಅಕ್ಕಾ, ಕ್ಯಾಮೆರಾ ಕಲೀಬೇಕು, ಎಡಿಟಿಂಗ್ ಕಲೀಬೇಕು, ಎಲ್ಲಿ ಸೇರುದು? ಒಬ್ಬೊಬ್ಬರಿಗೇ ವಾಟ್ಸಾಪಲ್ಲಿ ವಾಯ್ಸ್ ಕಳಿಸುವ ಬದ್ಲು ಎಲ್ಲ ಒಟ್ಟಿಗೆ ಇಲ್ಲಿ ಬರೀತೇನೆ. ಕಾಸರಗೋಡಲ್ಲಿ ಕೂತವರಿಗೆ ಕೈಗೆ ಸಿಗುವ ದಾರಿ ಮುಖ್ಯವಾಗಿ ನಾಲ್ಕು. ಮದುವೆ ಸ್ಟುಡಿಯೋ, ಮಂಗಳೂರಿನ ಪ್ರೈವೇಟ್ ಇನ್‌ಸ್ಟಿಟ್ಯೂಟ್, ಊರಿನ ಕೇಬಲ್ ಚಾನೆಲ್, ಮತ್ತೆ ಸಿನಿಮಾ ಸೆಟ್ಟಲ್ಲಿ ಅಸಿಸ್ಟೆಂಟ್ ಆಗುದು. ನಾನು ನಾಲ್ಕೂ ಕಡೆ ಇದ್ದು ನೋಡಿದ್ದೇನೆ, ಹಾಗಾಗಿ ಹೇಳುವ ಧೈರ್ಯ ಉಂಟು.

ನಾನು ನೋಡುದು ಒಂದೇ ವಿಷ್ಯ. ನಾವು ತೆಗೆದ ಶಾಟ್ ಎಡಿಟಿಂಗ್ ಟೇಬಲ್ಲಿಗೆ ಬಂದಾಗ ಅಲ್ಲಿ ನಾವೂ ಕೂತಿರ್ತೇವಾ ಇಲ್ವಾ? ಕ್ಯಾಮೆರಾ ದೊಡ್ಡದಾ ಸಣ್ಣದಾ, ಸರ್ಟಿಫಿಕೇಟ್ ಯಾರದ್ದು, ಅದೆಲ್ಲ ಆಮೇಲೆ. ಕ್ಯಾಮೆರಾ ಕೆಲ್ಸ ಕಲಿಯುದು ಶೂಟ್ ಮಾಡುವಾಗ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಅರ್ಧ ಕಲಿಯುದು ಆ ಶಾಟನ್ನು ಕತ್ತರಿಸ್ಲಿಕ್ಕೆ ಕೂತಾಗ. ಇಲ್ಲಿ ಇನ್ನೆರಡು ಸೆಕೆಂಡ್ ಹಿಡಿದಿದ್ರೆ, ಇಲ್ಲೊಂದು ಕ್ಲೋಸ್ ಇದ್ದಿದ್ರೆ ಅಂತ ಅನ್ನಿಸುದು ಅಲ್ಲಿಯೇ.

ಸ್ಟುಡಿಯೋ ವಿಷ್ಯ ಮೊದ್ಲು, ಯಾಕಂದ್ರೆ ಅಲ್ಲಿಗೆ ಸೇರುದು ಸುಲಭ ಮತ್ತು ಕೈಯಲ್ಲಿ ದುಡ್ಡು ಓಡಾಡ್ತದೆ. ಹುಡುಗಿಯರಿಗಂತೂ ನಮ್ಮ ಊರಲ್ಲಿ ಬೇಗ ಕೆಲ್ಸ ಸಿಗ್ತದೆ, ಮುಸ್ಲಿಂ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಗೆ ಲೇಡಿ ಕ್ಯಾಮೆರಾವೇ ಬೇಕು ಅಂತ ಕೇಳುವವರು ತುಂಬಾ ಜನ, ಆದ್ರೆ ಕ್ಯಾಮೆರಾ ಹಿಡಿಯುವ ಹುಡುಗಿಯರು ಕಮ್ಮಿ. ಅಲ್ಲಿ ಕಲಿಯುದು ಸ್ಪೀಡ್. ಧಾರೆ ಎರೆಯುವಾಗ ಒನ್ಸ್ ಮೋರ್ ಅಂತ ಇಲ್ಲ, ಪುರೋಹಿತರು ನಿಮಗೋಸ್ಕರ ಕಾಯುದಿಲ್ಲ, ಮಾವನ ಕೈ ಅಡ್ಡ ಬರ್ತದೆ, ಹಿಂದಿನಿಂದ ಯಾರೋ ಮೊಬೈಲ್ ಎತ್ತಿ ಫ್ರೇಮಿನೊಳಗೆ ಬರ್ತಾರೆ, ಅಷ್ಟರಲ್ಲಿ ಫೋಕಸ್ ಸಿಕ್ಕಿರಬೇಕು, ಬ್ಯಾಟರಿ ಇರಬೇಕು, ಎರಡು ಕಾರ್ಡಿಗೂ ಒಟ್ಟಿಗೆ ರೆಕಾರ್ಡ್ ಆಗ್ತಿರಬೇಕು. ಈ ಒತ್ತಡದಲ್ಲಿ ಕೈಗೆ ಬರುವ ಅಭ್ಯಾಸ ಕ್ಲಾಸಲ್ಲಿ ಬರುದಿಲ್ಲ.

ಆದ್ರೆ ಯಾಕೆ ಅಂತ ಹೇಳುವವರು ಅಲ್ಲಿ ಇಲ್ಲ. ಶಟರ್ 50ರಲ್ಲಿ ಇಡು, ಸೆಕೆಂಡಿಗೆ 25 ಫ್ರೇಮಲ್ಲಿ ಇಡು, ಮುಟ್ಬೇಡ, ಇಷ್ಟೇ ಪಾಠ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟು, ಕಮ್ಮಿ ರೇಟಿನ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಮಿಣುಕ್ತದೆ, ಶಟರ್ 1/50 ಸೆಕೆಂಡ್ ತೆರೆದಿದ್ರೆ ಒಂದೊಂದು ಫ್ರೇಮಿಗೂ ಸರಿಯಾಗಿ ಎರಡೆರಡು ಮಿಣುಕು ಬೀಳ್ತದೆ, 1/60 ಇಟ್ರೆ ಲೆಕ್ಕ ತಪ್ಪಿ ವಿಡಿಯೋದಲ್ಲಿ ಬೆಳಕು ಅಲೆ ಅಲೆ ಹೊಡೀತದೆ. ಇದನ್ನು ನಾನು ಅರ್ಥ ಮಾಡ್ಕೊಂಡದ್ದು ಇನ್‌ಸ್ಟಿಟ್ಯೂಟಿಗೆ ಹೋದ ಮೇಲೆ. ಇನ್ನೊಂದು ದೊಡ್ಡ ಕೊರತೆ, ನಾನಿದ್ದ ಸ್ಟುಡಿಯೋದಲ್ಲಿ ಎಡಿಟಿಂಗ್ ಪೂರ್ತಿ ಹೊರಗೆ ಕೊಡ್ತಿದ್ರು. ಮದುವೆ ಮುಗೀತು, ಹಾರ್ಡ್ ಡಿಸ್ಕ್ ಹೋಯ್ತು, ತಿಂಗಳು ಕಳೆದು ಹಾಡು ಹಾಕಿದ ಹೈಲೈಟ್ ಬಂತು. ನಾವು ತೆಗೆದದ್ದರಲ್ಲಿ ಎಂತ ಉಳೀತು, ಎಂತ ಬಿಸಾಡಿದ್ರು, ಯಾಕೆ ಬಿಸಾಡಿದ್ರು, ಒಂದೂ ಗೊತ್ತಾಗುದಿಲ್ಲ. ಸ್ಟುಡಿಯೋ ಸೇರುವುದಾದ್ರೆ ಒಳಗೇ ಎಡಿಟಿಂಗ್ ಇರುವ ಸ್ಟುಡಿಯೋ ಹುಡುಕಿ, ಸಂಬಳ ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ.

ಇನ್ನು ಇನ್‌ಸ್ಟಿಟ್ಯೂಟ್. ಬೆಳಿಗ್ಗೆ ಟ್ರೈನಲ್ಲಿ ಹೋಗಿ ಸಂಜೆ ವಾಪಸ್ ಬರ್ಲಿಕ್ಕೆ ಆಗ್ತದೆ ಅನ್ನುವುದೇ ಮನೆಯವರು ಒಪ್ಪಲಿಕ್ಕೆ ದೊಡ್ಡ ಕಾರಣ. ಹೆಸರು ಹೇಳುದಿಲ್ಲ, ಆದ್ರೆ ನಾನು ಹೋದ ಕಡೆ ಬ್ರೋಶರಲ್ಲಿ ತೋರಿಸಿದ ಸಿನಿಮಾ ಕ್ಯಾಮೆರಾ ಅಲ್ಲಿಯದ್ದಲ್ಲ, ಬಾಡಿಗೆಗೆ ತಂದು ತೋರಿಸಿ ವಾಪಸ್ ಕಳಿಸಿದ್ರು. ಇಡೀ ಬ್ಯಾಚಿಗೆ ಇದ್ದದ್ದು ಎರಡು ಕ್ಯಾಮೆರಾ, ಒಬ್ಬರು ಹಿಡಿದ್ರೆ ಉಳಿದವರು ಸುತ್ತ ನಿಂತು ನೋಡುದು. ಪ್ರಾಕ್ಟಿಕಲ್ ಅಂತ ಫೀಸ್ ತಗೊಂಡು ನಿಲ್ಲಿಸಿದ್ರೆ ಅದಕ್ಕೆ ಪ್ರಾಕ್ಟಿಕಲ್ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಇದು ನನಗೆ ಈಗಲೂ ಬೇಜಾರಿನ ವಿಷ್ಯ, ಯಾಕಂದ್ರೆ ಅಲ್ಲಿಗೆ ಬಂದವರಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ ಫೀಸ್ ಕಟ್ಟಿದ ಮನೆಯವರೂ ಇದ್ರು.

ಹಾಗಂತ ಅಲ್ಲಿ ಕಲಿತದ್ದು ಸಣ್ಣದಲ್ಲ. ಲೈಟಿಂಗ್ ಹೇಳಿಕೊಡ್ಲಿಕ್ಕೆ ಬಂದ ಸರ್ ಮೊದಲ ಕ್ಲಾಸಲ್ಲೇ ಒಂದು ಹಿತ್ತಾಳೆ ಕಾಲುದೀಪ ತಂದು ಮೇಜಿನ ಮೇಲೆ ಇಟ್ರು, ಇದನ್ನು ಚಂದ ಕಾಣುವ ಹಾಗೆ ಶೂಟ್ ಮಾಡಿ ಅಂತ. ಎಲ್ಲಿಂದ ಲೈಟ್ ಹಾಕಿದ್ರೂ ದೀಪದ ಮೈಯಲ್ಲಿ ಲೈಟಿನದ್ದೇ ಬಿಳಿ ಚುಕ್ಕೆ ಕಾಣ್ತದೆ, ಕ್ಯಾಮೆರಾ ಹಿಡಿದವರೂ ಕಾಣ್ತಾರೆ, ಆಚೆ ಕಿಟಕಿಯೂ ಕಾಣ್ತದೆ. ಆಮೇಲೆ ಅವರು ಲೈಟನ್ನು ದೀಪದಿಂದ ತಿರುಗಿಸಿ ದೊಡ್ಡ ಥರ್ಮೋಕೋಲ್ ಶೀಟಿಗೆ ಹೊಡೆದ್ರು, ಆ ಶೀಟನ್ನು ಪಕ್ಕದಲ್ಲಿ ನಿಲ್ಲಿಸಿದ್ರು, ದೀಪದ ಮೈ ಮೇಲೆ ಉದ್ದಕ್ಕೆ ಒಂದು ಮೆತ್ತನೆಯ ಹೊಳಪು ಇಳೀತು, ಆಚೆ ಬದಿಗೆ ಕಪ್ಪು ಬಟ್ಟೆ ಹಿಡಿದಾಗ ದೀಪದ ಅಂಚು ಎದ್ದು ಬಂತು. ಹೊಳೆಯುವ ವಸ್ತುವಿಗೆ ಲೈಟ್ ಹಾಕುದು ಅಂದ್ರೆ ಅದರಲ್ಲಿ ಎಂತ ಪ್ರತಿಬಿಂಬ ಬೀಳಬೇಕು ಅಂತ ನಿರ್ಧಾರ ಮಾಡುದು. ಮದುಮಗಳ ಚಿನ್ನಕ್ಕೂ ಇದೇ ಲೆಕ್ಕ. ಎಷ್ಟೋ ಮದುವೆಯಲ್ಲಿ ಎದುರಿನಿಂದ ಲೈಟ್ ಹೊಡೆದು ಸರ ಎಲ್ಲ ಬೆಳ್ಳಗೆ ಸುಟ್ಟ ಹಾಗೆ ಕಾಣುದು ಯಾಕೆ ಅಂತ ಆ ದಿನ ಗೊತ್ತಾಯ್ತು.

ಸೌಂಡ್ ಕ್ಲಾಸ್ ಕೂಡ ಹಾಗೆ. ಡಿಜಿಟಲ್ ರೆಕಾರ್ಡಿಂಗಲ್ಲಿ ಮೀಟರ್ ಸೊನ್ನೆ ಮುಟ್ಟಿ ಒಡೆದ ಶಬ್ದವನ್ನು ಆಮೇಲೆ ಸರಿ ಮಾಡ್ಲಿಕ್ಕೆ ಬರುದಿಲ್ಲ, ಅದಕ್ಕೆ ಮಾತಿನ ಪೀಕ್, ಅಂದ್ರೆ ಅತಿ ಜೋರಾದ ಜಾಗ, ಮೀಟರಲ್ಲಿ ಮೈನಸ್ 12 ಡಿಬಿಯ ಆಸುಪಾಸು ಇಡುದು. ಶೂಟಿಂಗ್ ಮುಗಿದ ಮೇಲೆ ಫ್ಯಾನ್ ಶೂಟ್ ಮಾಡುವಾಗ ಹೇಗಿತ್ತೋ ಹಾಗೆಯೇ ಬಿಟ್ಟು, ಎಲ್ರೂ ಸುಮ್ನೆ ನಿಂತು, ಆ ಕೋಣೆಯ ಶಬ್ದವನ್ನು ಒಂದು 30 ಸೆಕೆಂಡ್ ತೆಗೀಬೇಕು, ಎಡಿಟಿಂಗಲ್ಲಿ ಮಾತಿನ ನಡುವಿನ ಖಾಲಿ ಜಾಗಕ್ಕೆ ಅದೇ ಬೇಕು. ಸ್ಟುಡಿಯೋದಲ್ಲಿ ಇದನ್ನು ಯಾರೂ ಹೇಳುದಿಲ್ಲ, ಅಲ್ಲಿ ಎಲ್ಲದಕ್ಕೂ ಮೇಲಿನಿಂದ ಹಾಡು ಹಾಕ್ತಾರಲ್ಲ. ಪಾಠ ಇಂಗ್ಲಿಷಲ್ಲಿ, ಮಧ್ಯೆ ಕನ್ನಡ ತುಳು. ನಮ್ಮ ಮಕ್ಕಳಿಗೆ ಇದು ಕಷ್ಟ ಅಲ್ಲ, ಮನೆಯಲ್ಲಿ ಒಂದು ಭಾಷೆ, ಬಸ್ಸಲ್ಲಿ ಒಂದು, ಆಫೀಸಲ್ಲಿ ಒಂದು ಅಂತ ಮೊದಲೇ ಅಭ್ಯಾಸ ಉಂಟು.

ಈಗ ನನ್ನ ಲೆಕ್ಕದಲ್ಲಿ ಗೆದ್ದದ್ದು. ಊರಿನ ಕೇಬಲ್ ಚಾನೆಲ್. ನೋಡ್ಲಿಕ್ಕೆ ಸಣ್ಣ ಆಫೀಸ್, ಹಳೆಯ ಕ್ಯಾಮೆರಾ, ಸಂಬಳ ಕೈಖರ್ಚಿಗೆ ಸಾಲುವಷ್ಟು, ನ್ಯೂಸ್ ಹೆಚ್ಚಿನದ್ದು ಮಲಯಾಳದಲ್ಲಿ, ಕನ್ನಡಕ್ಕೆ ಸ್ವಲ್ಪ ಹೊತ್ತು. ಇದರಿಂದಾಗಿ ಮಕ್ಕಳು ಅದನ್ನು ಲೆಕ್ಕಕ್ಕೇ ತಗೊಳ್ಳುದಿಲ್ಲ. ಆದ್ರೆ ಬೆಳಿಗ್ಗೆ ಪಂಚಾಯತಿನ ಕಾರ್ಯಕ್ರಮ ಶೂಟ್ ಮಾಡಿದವರೇ ಮಧ್ಯಾಹ್ನ ಊಟ ಆದ ಕೂಡ್ಲೆ ಅದನ್ನು ಕಟ್ ಮಾಡ್ಬೇಕು, ಸಂಜೆಯ ಬುಲೆಟಿನಿಗೆ ಹೋಗ್ಬೇಕು. ಒಂದೂವರೆ ನಿಮಿಷದ ಸ್ಟೋರಿಗೆ ವಾಯ್ಸ್ ಓವರ್, ಎರಡು ಬೈಟ್ (ಕ್ಯಾಮೆರಾ ಎದುರು ಜನ ಹೇಳಿದ ಮಾತಿನ ತುಣುಕು), ಅದರ ನಡುವೆ ತುಂಬಿಸ್ಲಿಕ್ಕೆ ದೃಶ್ಯ. ವೇದಿಕೆಯನ್ನೇ ಎಡದಿಂದ ಬಲಕ್ಕೆ ಪ್ಯಾನ್ ಮಾಡಿ ತಂದವರಿಗೆ ಅಲ್ಲಿ ತುಂಬಿಸ್ಲಿಕ್ಕೆ ಎಂತದೂ ಸಿಗುದಿಲ್ಲ, ಕೇಳುವವರ ಮುಖ, ಕುರ್ಚಿಯ ಸಾಲು, ಬ್ಯಾನರ್, ಮಗು ಎತ್ತಿಕೊಂಡು ಹಿಂದೆ ನಿಂತ ಹೆಂಗಸು, ಒಂದೊಂದೂ ಹತ್ತು ಸೆಕೆಂಡ್ ಅಲುಗಾಡದೆ ಹಿಡಿದು ತಂದವರ ಸ್ಟೋರಿ ಸಲೀಸಾಗಿ ಕಟ್ ಆಗ್ತದೆ. ಮರುದಿನ ಶೂಟಿಂಗಿಗೆ ಹೋಗುವಾಗ ತಲೆಯಲ್ಲಿ ಎಡಿಟಿಂಗಿನ ಟೈಮ್‌ಲೈನ್ ಓಡ್ತಿರ್ತದೆ. ದಿನಾ ಇದೇ ಸುತ್ತು. ಲಕ್ಷದ ಹತ್ರ ಫೀಸ್ ತಗೊಳ್ಳುವ ಕೋರ್ಸ್ ಇದನ್ನು ಕೊಡ್ಲಿಲ್ಲ.

ಯಕ್ಷಗಾನದ ರೆಕಾರ್ಡಿಂಗ್ ಒಂದು ಹೇಳ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ, ಜಾತ್ರೆ ಸೀಸನಲ್ಲಿ ಆಟ ಇಲ್ಲದ ವಾರ ಇರುದಿಲ್ಲ. ಆಟ ಶೂಟ್ ಮಾಡುದು ನಾನು ನೋಡಿದ್ದರಲ್ಲಿ ಅತಿ ಕಷ್ಟದ ಸೌಂಡ್ ಕೆಲ್ಸ. ಭಾಗವತರ ಸ್ವರ ಒಂದು ಲೆವೆಲಲ್ಲಿ ಹೋಗ್ತಿರ್ತದೆ, ಪ್ರವೇಶದ ಚೆಂಡೆ ಬಿದ್ದ ಕೂಡ್ಲೆ ಮೀಟರ್ ಮೇಲಕ್ಕೆ ಹಾರ್ತದೆ. ಮೈಕಿನವರ ಮಿಕ್ಸರಿನಿಂದ ಲೈನ್ ತಗೊಂಡು ಕ್ಯಾಮೆರಾದ ಮೈಕ್ ಇನ್‌ಪುಟ್ಟಿಗೆ ಹಾಗೆಯೇ ಚುಚ್ಚಿದ್ರೆ ಪೂರ್ತಿ ಒಡೆದ ಶಬ್ದ ಬರ್ತದೆ, ಯಾಕಂದ್ರೆ ಲೈನ್ ಲೆವೆಲ್ ಸಿಗ್ನಲ್ ಮೈಕಿನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಸ್ವಿಚ್ ಲೈನಿಗೆ ಹಾಕ್ಬೇಕು. ನಮ್ಮ ಚಾನೆಲಿನ ಹಿರಿಯ ಕ್ಯಾಮೆರಾಮನ್ ಅಣ್ಣ ಮಿಕ್ಸರ್ ಲೈನನ್ನು ಒಂದು ಟ್ರ್ಯಾಕಿಗೆ, ಅದೇ ಲೈನನ್ನು ಇನ್ನಷ್ಟು ತಗ್ಗಿಸಿ ಎರಡನೇ ಟ್ರ್ಯಾಕಿಗೆ ಹಾಕ್ತಿದ್ರು, ಒಂದು ಒಡೆದ್ರೆ ಇನ್ನೊಂದು ಇರ್ತದೆ. ಸಭೆಯ ಮಧ್ಯೆ ಬೇರೆಯೇ ಒಂದು ರೆಕಾರ್ಡರ್, ಇಲ್ಲದಿದ್ರೆ ಜನರ ಚಪ್ಪಾಳೆ ಎಲ್ಲಿಂದ ಬರ್ಬೇಕು? ಚಿತ್ರದ್ದೂ ಹಾಗೆ, ಬಣ್ಣದ ವೇಷದ ಮುಖದಲ್ಲಿ ಚುಟ್ಟಿ (ಮುಖದ ಮೇಲೆ ಇಡುವ ಬಿಳಿ ಅಲಂಕಾರ) ಬೆಳ್ಳಗೆ, ಹಿಂದೆ ಕಪ್ಪು ಪರದೆ, ಆಟೋದಲ್ಲಿ ಬಿಟ್ರೆ ಕ್ಯಾಮೆರಾ ಕತ್ತಲೆ ನೋಡಿ ಬೆಳಕು ಏರಿಸ್ತದೆ, ಚುಟ್ಟಿ ಕರಗಿ ಒಂದೇ ಬಿಳಿ ಮುದ್ದೆ ಆಗ್ತದೆ. ಮ್ಯಾನ್ಯುವಲ್ ಮಾಡಿ, ಬೆಳಕು ಜಾಸ್ತಿ ಆದ ಕಡೆ ಸ್ಕ್ರೀನಲ್ಲಿ ಕಾಣುವ ಜೀಬ್ರಾ ಗೆರೆ ಚುಟ್ಟಿಯ ಮೇಲಿಂದ ಹೋಗುವವರೆಗೆ ಇಳಿಸಿ, ಕಿರೀಟದ ಕೆಂಪು ಸ್ವಲ್ಪ ಗಾಢ ಆದ್ರೂ ಇರ್ಲಿ ಅಂತ ಬಿಡ್ಬೇಕು. ಇನ್‌ಸ್ಟಿಟ್ಯೂಟಲ್ಲಿ ಬರೆದುಕೊಂಡ ಮೈನಸ್ 12 ಇಲ್ಲಿ ಕೈಗೆ ಬಂತು.

ಸಿನಿಮಾ ಸೆಟ್ ಎಲ್ರಿಗೂ ಆಸೆ. ಮಂಗಳೂರು ಕಡೆ ತುಳು ಸಿನಿಮಾ 1971ರಿಂದ ಉಂಟು, ಇತ್ತ ಮಲಯಾಳದವರು ಈಗೀಗ ಕಾಸರಗೋಡಿಗೆ ಬಂದು ಶೂಟಿಂಗ್ ಮಾಡುದು ಜಾಸ್ತಿ ಆಗಿದೆ, ಎರಡು ಭಾಷೆಯೂ ಬರುವ ನಮ್ಮವರಿಗೆ ಅಸಿಸ್ಟೆಂಟ್ ಆಗಿ ಸೇರ್ಲಿಕ್ಕೆ ಅವಕಾಶ ಇದ್ದೇ ಇದೆ. ಆದ್ರೆ ಮೊದಲ ಸಿನಿಮಾದಲ್ಲಿ ಕೈಗೆ ಬರುದು ಕ್ಲಾಪ್ ಬೋರ್ಡ್, ಕಂಟಿನ್ಯುಟಿ ಪುಸ್ತಕ, ಆರ್ಟಿಸ್ಟನ್ನು ಕರ್ಕೊಂಡು ಬರುವ ಕೆಲ್ಸ. ಕಂಟಿನ್ಯುಟಿ ಸಣ್ಣ ಕೆಲ್ಸ ಅಲ್ಲ, ಯಾವ ಕೈಯಲ್ಲಿ ಗ್ಲಾಸ್ ಇತ್ತು, ಚಾ ಎಷ್ಟು ಉಳಿದಿತ್ತು, ಸೆರಗು ಯಾವ ಬದಿ ಅಂತ ನೋಡಿ ನೋಡಿ ಕಣ್ಣು ಚುರುಕಾಗ್ತದೆ. ಲೈಟಿನವರನ್ನು ನೋಡುದೇ ಒಂದು ಪಾಠ, ಕೋರಾ ಬಟ್ಟೆ ಒಂದು ಫ್ರೇಮಿಗೆ ಕಟ್ಟಿ ಮಧ್ಯಾಹ್ನದ ಬಿಸಿಲನ್ನು ಮೋಡದ ಬೆಳಕಿನ ಹಾಗೆ ಮಾಡ್ತಾರೆ. ಆದ್ರೆ ಕ್ಯಾಮೆರಾ ಮುಟ್ಲಿಕ್ಕೆ ಇಲ್ಲ, ಎಡಿಟಿಂಗ್ ಎಲ್ಲೋ ಬೆಂಗಳೂರಲ್ಲೋ ಕೊಚ್ಚಿಯಲ್ಲೋ, ಸಿನಿಮಾ ಬಿಡುಗಡೆ ಆದಾಗ ಟಿಕೆಟ್ ತಗೊಂಡು ನೋಡುದೇ. ಬಾಟಾ (ದಿನದ ಭತ್ಯೆ) ಹೇಳಿದ ದಿನಕ್ಕೆ ಸಿಗ್ತದೆ ಅಂತ ನಂಬಿ ಮನೆಯ ಖರ್ಚು ಲೆಕ್ಕ ಹಾಕ್ಬೇಡಿ.

ಹುಡುಗಿಯರಿಗೆ ಬೇರೆ ಒಂದು ಮಾತು. ಸೆಟ್ಟಲ್ಲಿ ಟಾಯ್ಲೆಟ್ಟಿಗೆ ಜಾಗ ಇಲ್ಲ ಅಂತ ಇಡೀ ದಿನ ನೀರು ಕುಡಿಯದೆ ಇರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 2024ರ ಆಗಸ್ಟಲ್ಲಿ ಹೊರಗೆ ಬಂದ, ಮಲಯಾಳ ಸಿನಿಮಾದ ಹೆಂಗಸರ ಸ್ಥಿತಿಯ ಬಗ್ಗೆ ಇರುವ ಜಸ್ಟಿಸ್ ಹೇಮಾ ಕಮಿಟಿ ರಿಪೋರ್ಟಲ್ಲಿ ಇದೂ ಉಂಟು, ಇದಕ್ಕಿಂತ ದೊಡ್ಡ ವಿಷ್ಯಗಳೂ ಉಂಟು. ಲೈಂಗಿಕ ಕಿರುಕುಳದ ದೂರಿಗೆ ಪ್ರತಿ ಸಿನಿಮಾ ಯೂನಿಟಲ್ಲೂ ಆಂತರಿಕ ಸಮಿತಿ ಇರ್ಲೇಬೇಕು ಅಂತ ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ಕೆಲ್ಸಕ್ಕೆ ಸೇರುವ ಮೊದ್ಲು ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಉಳಿಯುವ ವ್ಯವಸ್ಥೆ, ರಾತ್ರಿ ಶೂಟಿಂಗ್ ಆದ್ರೆ ಗಾಡಿ, ಅದನ್ನೂ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕುವ ಪ್ರೊಡಕ್ಷನ್ ನಮಗೆ ಬೇಡ.

ಸರ್ಕಾರಿ ಕೋರ್ಸ್ ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀರಿ. ನಾನು ಅಲ್ಲಿ ಓದಿಲ್ಲ, ಹಾಗಾಗಿ ಹೋಲಿಕೆಗೆ ತರುದಿಲ್ಲ, ಆದ್ರೆ ಮಕ್ಕಳು ನೋಡ್ಲೇಬೇಕು. ಬೆಂಗಳೂರು ಹತ್ರ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಲ್ಲಿ ಸಿನಿಮಾಟೋಗ್ರಫಿ, ಸೌಂಡ್ ಡಿಪ್ಲೊಮಾ ಉಂಟು, ಇದರ ಮೂಲ ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್. ಸಿನಿಮಾ ಕ್ಯಾಮೆರಾಮನ್ ಮೈಸೂರಿನ ವಿ.ಕೆ. ಮೂರ್ತಿಯವರು ಕಲಿತದ್ದು ಆ ಪಾಲಿಟೆಕ್ನಿಕಲ್ಲೇ, 2008ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಕ್ಯಾಮೆರಾದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಓದು ಮುಗಿಸಿ ಬಾಂಬೆಗೆ ಹೋದ ಅವರೂ ಶುರು ಮಾಡಿದ್ದು ಅಸಿಸ್ಟೆಂಟ್ ಆಗಿಯೇ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಅಡ್ಮಿಷನಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ನಿಯಮ ಉಂಟು, ಡಿಪ್ಲೊಮಾಕ್ಕೆ ಆ ವರ್ಷ ಹೇಗೆ ಅಂತ ಪ್ರಾಸ್ಪೆಕ್ಟಸಲ್ಲಿ ಓದಿ, ಕನ್ನಡ ಮೀಡಿಯಂ ಓದಿದ ಸರ್ಟಿಫಿಕೇಟುಗಳನ್ನು ಶಾಲೆಯಿಂದ ಮೊದಲೇ ತೆಗೆದಿಟ್ಟುಕೊಳ್ಳಿ. ಕೇರಳ ಸರ್ಕಾರದ್ದು ಕೊಟ್ಟಾಯಂ ಜಿಲ್ಲೆಯಲ್ಲಿ ಕೆ.ಆರ್. ನಾರಾಯಣನ್ ಹೆಸರಿನ ಇನ್‌ಸ್ಟಿಟ್ಯೂಟ್ ಉಂಟು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರದ್ದು, ಅಲ್ಲಿಯ ಮುಖ್ಯ ಕೋರ್ಸುಗಳಿಗೆ ಡಿಗ್ರಿ ಬೇಕು, ಎಂಟ್ರೆನ್ಸ್ ಉಂಟು.

ನನ್ನನ್ನು ಕೇಳಿದ್ರೆ, ಮನೆಯಲ್ಲಿ ದುಡ್ಡಿನ ಅವಸರ ಇರುವವರು ಸ್ಟುಡಿಯೋಗೆ ಹೋಗಿ. ಅಷ್ಟು ಅವಸರ ಇಲ್ಲದವರು ಮೊದ್ಲು ಒಂದು ವರ್ಷ ಲೋಕಲ್ ಚಾನೆಲಿಗೆ ಹೋಗಿ, ಆಮೇಲೆ ಇನ್‌ಸ್ಟಿಟ್ಯೂಟಿಗೆ. ಚಾನೆಲಲ್ಲಿ ಕೈ ಕೆಲ್ಸ ಮಾಡಿದವರಿಗೆ ಕ್ಲಾಸಲ್ಲಿ ಎಂತ ಕೇಳ್ಬೇಕು ಅಂತ ಗೊತ್ತಿರ್ತದೆ, ಸರ್ ಹೇಳಿದ್ದು ಕೂಡ್ಲೆ ಹಿಡಿಸ್ತದೆ. ಸಿನಿಮಾ ಸೆಟ್ ಇದೆಲ್ಲ ಆದ ಮೇಲೆ, ಡೈರೆಕ್ಷನ್ನೇ ಬೇಕು ಅನ್ನುವವರಿಗೆ. ಇನ್‌ಸ್ಟಿಟ್ಯೂಟ್ ನೋಡ್ಲಿಕ್ಕೆ ಹೋದಾಗ ಆಫೀಸಲ್ಲಿ ಕೂತು ಮಾತಾಡಿ ವಾಪಸ್ ಬರ್ಬೇಡಿ, ಈಗಿನ ಬ್ಯಾಚಿನ ಮಕ್ಕಳನ್ನು ಹೊರಗೆ ಚಾ ಅಂಗಡಿಯಲ್ಲಿ ಹಿಡಿದು ಕೇಳಿ, ಹೋದ ವಾರ ನೀವೇ ಕ್ಯಾಮೆರಾ ಹಿಡಿದದ್ದು ಎಷ್ಟು ಹೊತ್ತು, ಎಡಿಟ್ ಮಾಡಿದ್ದು ಯಾರ ಫುಟೇಜ್ ಅಂತ. ಎಲ್ಲಿಗೂ ಸೇರ್ಲಿಕ್ಕೆ ಆಗದವರು ಕೈಯಲ್ಲಿರುವ ಫೋನಲ್ಲೇ ಶುರು ಮಾಡಿ, 25 ಫ್ರೇಮ್ ಸಿಗುವ ಆ್ಯಪ್ ಹಾಕಿ, ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಕಟ್ಟಿಂಗ್, ಕಲರ್, ಸೌಂಡ್ ಮೂರೂ ಉಂಟು. ಮನೆಯ ಹತ್ರ ಅಡಿಕೆ ಸುಲಿಯುವವರದ್ದು ಒಂದೂವರೆ ನಿಮಿಷದ ಸ್ಟೋರಿ ಮಾಡಿ, ಅವರಿಗೇ ತೋರಿಸಿ, ಎಲ್ಲಿ ಅವರಿಗೆ ಬೋರಾಯ್ತು ಅಂತ ಕೇಳಿ ಅಲ್ಲಿ ಕಟ್ ಮಾಡಿ. ನನಗೂ ಕಳಿಸಿ, ನೋಡಿ ಹೇಳ್ತೇನೆ.