ಹಾಸನ ಕಡೆಯ ಫೀಡರ್‌ಗಳಲ್ಲಿ ಹೊಸ ಸ್ಕಾಡಾ–ಔಟೇಜ್ ತಂತ್ರಾಂಶ: ಎರಡು ಮಳೆಗಾಲ ಬಳಸಿದ ಮೇಲೆ

ಅಂಕ: 5ಕ್ಕೆ 3.5

ದೂರದಿಂದಲೇ ಲೈನ್‌ಗಳನ್ನು ನೋಡಿ ನಿಯಂತ್ರಿಸುವ ಹಳೆಯ ಸ್ಕಾಡಾ ತೆಗೆದು, ಔಟೇಜ್ (ಕರೆಂಟ್ ಕಡಿತ) ನಿರ್ವಹಣೆಯೂ ಜೊತೆಗೇ ಇರುವ ಹೊಸ ತಂತ್ರಾಂಶಕ್ಕೆ ಬಂದು ಎರಡು ಮಳೆಗಾಲ ಕಳೆಯಿತು. ಹಾಸನ ನಗರದ 11 ಕೆವಿ ಫೀಡರ್‌ಗಳು (ಸ್ಟೇಷನ್ನಿನಿಂದ ಹೊರಡುವ ಲೈನ್‌ಗಳು), ಸುತ್ತಲ ಹಳ್ಳಿಗಳ ನಿರಂತರ ಜ್ಯೋತಿ (ಮನೆಬಳಕೆ) ಮತ್ತು ಐಪಿ (ನೀರಾವರಿ ಪಂಪ್‌ಸೆಟ್) ಫೀಡರ್‌ಗಳು, ಆಲೂರು–ಸಕಲೇಶಪುರ ಕಡೆ ಕಾಫಿ ತೋಟದೊಳಗೇ ಹಾದುಹೋಗುವ ಉದ್ದನೆಯ ಲೈನ್‌ಗಳು, ಈ ಮೂರೂ ಬಗೆಯ ಜಾಲದಲ್ಲಿ ಇದನ್ನು ನೋಡಿದ್ದಾಗಿದೆ. ನಗರದಲ್ಲಿ ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ತೋಟದ ಲೈನ್‌ಗಳಲ್ಲಿ ಮಾತ್ರ, ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಅಪಾಯ. ಸ್ಟೇಷನ್ನಿನಲ್ಲಿ ಲೈನ್ ಕಡಿಯುವ ಸ್ವಿಚ್, ಅಂದರೆ ಬ್ರೇಕರ್, ಆನ್ ಇದೆಯೋ ಆಫ್ ಇದೆಯೋ ಎಂಬುದು ಇದಕ್ಕೆ ಸೆಕೆಂಡಿನಲ್ಲಿ ತಿಳಿಯುತ್ತದೆ. ಹತ್ತು ಕಿಲೋಮೀಟರ್ ಆಚೆ ತಂತಿಗೆ ಏನಾಯಿತು ಎಂಬುದು ತಿಳಿಯುವುದಿಲ್ಲ.

ಜೀವದ ವಿಷಯವಾದ್ದರಿಂದ ಅದನ್ನೇ ಮೊದಲು ಬರೆಯುತ್ತೇವೆ. ಸಿಲ್ವರ್ ಓಕ್ ಕೊಂಬೆ ಬಿದ್ದು 11 ಕೆವಿ ಲೈನಿನ ಒಂದು ತಂತಿ ಮಾತ್ರ ತುಂಡಾಗಿದೆ ಎನ್ನೋಣ. ತುದಿ ಒಣ ಬಂಡೆಯ ಮೇಲೋ ಗಿಡದ ಮೇಲೋ ಬಿದ್ದರೆ ನೆಲಕ್ಕೆ ಹರಿಯುವ ಕರೆಂಟ್ ತೀರಾ ಕಡಿಮೆ. ನೆಲಕ್ಕೆ ಸೋರುವ ಕರೆಂಟ್ ಕಂಡು ಲೈನ್ ತೆಗೆಸುವ ಅರ್ತ್ ಫಾಲ್ಟ್ ರಿಲೇ ಅಲುಗುವುದಿಲ್ಲ, ಪರದೆಯಲ್ಲಿ ಬ್ರೇಕರ್ ಕೆಂಪಾಗಿಯೇ, ಅಂದರೆ ಆನ್ ಆಗಿಯೇ ಇರುತ್ತದೆ. ನಮ್ಮ ಟಿಸಿಗಳ (ಬೀದಿಯ ಟ್ರಾನ್ಸ್‌ಫಾರ್ಮರ್‌ಗಳ) ಎಚ್‌ಟಿ (11 ಕೆವಿ) ಕಡೆಯ ಜೋಡಣೆ ಡೆಲ್ಟಾ, ಎಲ್‌ಟಿ (ಮನೆಗೆ ಹೋಗುವ) ಕಡೆ ಸ್ಟಾರ್. ಎಚ್‌ಟಿಯ ಒಂದು ಫೇಸ್ ಹೋದರೆ ಎಲ್‌ಟಿಯ ಒಂದು ಫೇಸಿನಲ್ಲಿ ವೋಲ್ಟೇಜ್ ಸರಿಯಾಗಿಯೇ ಉಳಿದು, ಮಿಕ್ಕ ಎರಡರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ದೂರಿನ ಸಹಾಯವಾಣಿ 1912ಕ್ಕೆ ಬರುವ ಫೋನು ‘ಕರೆಂಟ್ ಇಲ್ಲ’ ಎಂದಲ್ಲ. ‘ಲೈಟೆಲ್ಲ ಡಿಮ್ ಉರೀತಿದೆ ಸಾರ್, ಮೋಟ್ರು ಎತ್ತುತ್ತಿಲ್ಲ’ ಎಂದು. ತಂತ್ರಾಂಶ ಈ ದೂರನ್ನು ‘ಲೋ ವೋಲ್ಟೇಜ್’ ಖಾನೆಗೆ ಹಾಕಿ ಬದಿಗಿಡುತ್ತದೆ, ಔಟೇಜ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅತ್ತ ಜೀವಂತ ತಂತಿ ತೋಟದ ದಾರಿಯಲ್ಲಿ ಬಿದ್ದಿರುತ್ತದೆ.

ಇದಕ್ಕೆ ನಿಯಮ ಬರೆಯುವ ಅವಕಾಶ ತಂತ್ರಾಂಶದಲ್ಲೇ ಇದೆ, ಆದರೆ ತರಬೇತಿಯಲ್ಲಿ ಯಾರೂ ಅದನ್ನು ಹೇಳಿಕೊಡಲಿಲ್ಲ. ಈಗ ಇಟ್ಟಿರುವುದು ಇಷ್ಟು: ಒಂದೇ ಫೀಡರಿನ ಎರಡು ಬೇರೆ ಟಿಸಿಗಳಿಂದ 15 ನಿಮಿಷದೊಳಗೆ ಡಿಮ್ ದೂರು ಬಂದರೆ ‘ತಂತಿ ತುಂಡು ಶಂಕೆ’ ಎಂಬ ಮೊದಲ ದರ್ಜೆಯ ಅಲಾರಂ ಏಳಬೇಕು, ಆ ಎರಡೂ ಟಿಸಿಗಳಿಗೆ ಸಾಮಾನ್ಯವಾದ ಮೇಲಿನ ಲೈನ್ ಭಾಗ ಪರದೆಯಲ್ಲಿ ಮಿನುಗಬೇಕು. ಮೊದಲು ಫೀಡರ್ ಆಫ್, ಆಮೇಲೆ ಲೈನ್ ಪೆಟ್ರೋಲಿಂಗ್. ಎರಡು ಟಿಸಿ ಯಾಕೆಂದರೆ, ಒಂದೇ ಟಿಸಿಯಲ್ಲಿ ಎಚ್‌ಟಿ ಕಡೆಯ ಒಂದು ಎಚ್‌ಜಿ ಫ್ಯೂಸ್ ಹೋದರೂ ಲಕ್ಷಣ ಇದೇ. ಅದಕ್ಕೆಲ್ಲ ಇಡೀ ಫೀಡರ್ ತೆಗೆಯಬೇಕಿಲ್ಲ. ಮೂರು ಫೇಸಿನ ಆಂಪಿಯರ್ ವ್ಯತ್ಯಾಸದ ಅಲಾರಂ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಲೈನಿನ ಬಾಲದಲ್ಲಿರುವ ಲೋಡ್ ನಾಲ್ಕೈದು ಆಂಪಿಯರ್ ಆದರೆ ಸ್ಟೇಷನ್ನಿನ ಅಳತೆಯಲ್ಲಿ ಅದು ಕಾಣುವುದೇ ಇಲ್ಲ.

ಈ ನಿಯಮವಾಗಲಿ, ಬೇರೆ ಯಾವ ಅಂದಾಜಾಗಲಿ ಕೆಲಸ ಮಾಡುವುದು ಆರ್‌ಆರ್ ನಂಬರ್ (ಗ್ರಾಹಕರ ಸಂಪರ್ಕ ಸಂಖ್ಯೆ), ಕಂಬ, ಟಿಸಿ, ಫೀಡರ್ ಈ ಸರಪಳಿ ಸರಿಯಿದ್ದರೆ ಮಾತ್ರ. ದೂರುಗಳನ್ನು ಮೇಲಕ್ಕೆ ಜಗ್ಗಿ, ಎಲ್ಲವೂ ಸೇರುವ ಸಾಧನ ಯಾವುದು ಎಂದು ನೋಡಿ ‘ಇಲ್ಲಿ ಹೋಗಿದೆ’ ಎಂದು ತೋರಿಸುವುದಷ್ಟೇ ಇದರ ಬುದ್ಧಿ. ಹಳೆಯ ಬಿಲ್ಲಿಂಗ್ ದಾಖಲೆಯಿಂದ ಸರಪಳಿಯನ್ನು ಹಾಗೆಯೇ ತುಂಬಿದರೆ ಪವರ್‌ಮ್ಯಾನ್ ತಪ್ಪು ಕಂಬಕ್ಕೆ ಹೋಗುತ್ತಾರೆ. ಹೆಚ್ಚಾಗಿ ಕೆಡುವುದು ಹೀಗೆ: ವಿದ್ಯಾನಗರದಂಥ ಕಡೆ 100 ಕೆವಿಎ ಟಿಸಿ ಸುಟ್ಟಿತು, ಬದಲಿ ಬರುವ ತನಕ ಅರ್ಧ ಲೋಡನ್ನು ಪಕ್ಕದ 250 ಕೆವಿಎಗೆ ಎಲ್‌ಟಿ ಜಂಪರ್ ಹಾಕಿ ಸೇರಿಸಿದರು, ಹೊಸ ಟಿಸಿ ಬಂದ ಮೇಲೂ ಎರಡು ಬೀದಿ ಅಲ್ಲಿಯೇ ಉಳಿದವು. ಕಾಗದದಲ್ಲಿ ಏನೂ ಬದಲಾಗಿಲ್ಲ. ಮುಂದಿನ ಸಲ ಆ 250ರ ಫ್ಯೂಸ್ ಹೋದಾಗ ದೂರುಗಳು ಎರಡು ಟಿಸಿ ಹೆಸರಲ್ಲಿ ಬರುತ್ತವೆ, ತಂತ್ರಾಂಶ ಮೇಲಿನ, ಲೈನನ್ನು ಭಾಗ ಮಾಡುವ ಕೈಸ್ವಿಚ್ಚಾದ ಜಿಓಎಸ್‌ ಕಡೆ ಕೈ ತೋರಿಸುತ್ತದೆ.

ಟಿಸಿ ಬದಲಾದ ದಿನವೇ ಜಂಪರ್ ವಿವರ ಕಂಟ್ರೋಲ್ ರೂಮಿಗೆ ಬರಬೇಕು, ಅದಿಲ್ಲದೆ ಕೆಲಸದ ಆದೇಶ ಮುಚ್ಚಬಾರದು. ಇದನ್ನು ತಂತ್ರಾಂಶದಲ್ಲೇ ಕಡ್ಡಾಯ ಮಾಡಬಹುದು, ಮಾಡಿ. ಸರ್ವೆ ವಿಷಯದಲ್ಲಿ ಒಂದು ಮಾತು: ಒಂದು ಟಿಸಿಯ ಎಲ್‌ಟಿ ಆಫ್ ಮಾಡಿ ಯಾವ್ಯಾವ ಮನೆ ಹೋಯಿತು ಎಂದು ನೋಡುವುದೇ ಅತ್ಯಂತ ನಂಬಿಕಸ್ಥ ವಿಧಾನ. ನಿರ್ವಹಣೆಗಾಗಿ ಹೇಗೂ ಎಲ್‌ಸಿ (ಲೈನ್ ಆಫ್ ಮಾಡಿ ಕೆಲಸ ಮಾಡುವ ಅನುಮತಿ) ತೆಗೆದುಕೊಳ್ಳುವ ದಿನವೇ ಅದನ್ನೂ ಮಾಡಿದರೆ ಜನರಿಗೆ ಹೆಚ್ಚುವರಿ ತೊಂದರೆಯಿಲ್ಲ.

ಹಳೆಯದರಿಂದ ಹೊಸದಕ್ಕೆ ಆರ್‌ಟಿಯು (ಸ್ಟೇಷನ್ನಿನ ಮಾಹಿತಿ ಕಳಿಸುವ ಪೆಟ್ಟಿಗೆ) ವರ್ಗಾಯಿಸುವಾಗ ಒಂದೊಂದೇ ಸ್ಟೇಷನ್, ಒಂದೊಂದೇ ಪಾಯಿಂಟ್. ಇಲ್ಲಿ ಆತುರ ಬೇಡವೇ ಬೇಡ. ಆರ್‌ಟಿಯು ಮಾತಾಡುವ ಪ್ರೋಟೋಕಾಲ್ ಐಇಸಿ 60870-5-104ರಲ್ಲಿ (ಮುಂದೆ ಬರೀ 104) ಬ್ರೇಕರ್ ಸ್ಥಿತಿ ಎರಡು ಬಿಟ್‌ನ ಡಬಲ್ ಪಾಯಿಂಟ್ ಆಗಿ ಬರುತ್ತದೆ: 1 ಎಂದರೆ ಆಫ್, 2 ಎಂದರೆ ಆನ್, 0 ಎಂದರೆ ಮಧ್ಯಸ್ಥಿತಿ, 3 ಎಂದರೆ ದೋಷ. ಹಳೆಯ ವ್ಯವಸ್ಥೆ ಒಂದೇ ಕಾಂಟ್ಯಾಕ್ಟ್ ನೋಡುತ್ತಿದ್ದ ಪ್ಯಾನೆಲ್‌ಗಳಲ್ಲಿ ಎರಡನೆಯ ಸಹಾಯಕ ಕಾಂಟ್ಯಾಕ್ಟಿಗೆ ವೈರೇ ಎಳೆದಿರುವುದಿಲ್ಲ. ಅಂಥ ಬ್ರೇಕರ್ ಆಫ್ ಆದಾಗಲೋ ಆನ್ ಆದಾಗಲೋ 0 ತೋರಿಸುತ್ತದೆ. ತಂತ್ರಾಂಶ ಬಂದ ಸೆಟ್ಟಿಂಗ್‌ನಲ್ಲಿ 0 ಅನ್ನೂ ‘ಓಪನ್’ ಎಂದೇ ಎಣಿಸಿ, ಲೈನ್ ಚಾಲೂ ಇರುವಾಗಲೇ ಔಟೇಜ್ ತೆರೆದು ಸಾವಿರಾರು ಮನೆಗೆ ಸಂದೇಶ ಕಳಿಸುತ್ತದೆ. ಈ ಎಣಿಕೆ ತೆಗೆಸಿ, ವೈರ್ ಎಳೆಸಿ.

ಆಂಪಿಯರ್ ಅಳತೆಗೆ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತ ನೋಡಿಯೇ ಒಪ್ಪಿ. 400/1 ಸಿಟಿಯ ಸೆಕೆಂಡರಿಗೆ 0.5 ಆಂಪಿಯರ್ ಕೊಟ್ಟರೆ ಪರದೆಯಲ್ಲಿ 200 ಬರಬೇಕು. 100 ಬಂದರೆ ಹಿಂದಿನ 200/1ರ ಅನುಪಾತ ಎಲ್ಲೋ ಉಳಿದಿದೆ. ಆನ್–ಆಫ್ ಆದೇಶ ಪರೀಕ್ಷಿಸುವಾಗ ಬ್ರೇಕರ್ ಟ್ರಾಲಿಯನ್ನು ಟೆಸ್ಟ್ ಪೊಸಿಷನ್‌ಗೆ ಎಳೆದು, ಪ್ಯಾನೆಲ್ ಮುಂದೆ ಒಬ್ಬರು ನಿಂತು, ಪಕ್ಕದ ಫೀಡರ್‌ಗಳ ಸ್ವಿಚ್ ಲೋಕಲ್‌ನಲ್ಲಿಟ್ಟು ಮಾಡಬೇಕು. ವಿಳಾಸ ಒಂದು ಅಂಕಿ ಆಚೀಚೆಯಾದರೆ ಪಕ್ಕದ ಫೀಡರೇ ಟ್ರಿಪ್ ಆಗುತ್ತದೆ.

ಸಂಪರ್ಕ 4ಜಿ ಸಿಮ್ ಮೇಲೆ ಇರುವ ಆರ್‌ಎಂಯುಗಳಲ್ಲಿ (ಬೀದಿ ಬದಿಯ ಸ್ವಿಚ್ ಪೆಟ್ಟಿಗೆಗಳಲ್ಲಿ) ಪುನರ್ವಸು–ಪುಷ್ಯ ಮಳೆಯ ಹೊತ್ತಿಗೆ ಕೊಂಡಿ ಪದೇ ಪದೇ ಕಡಿಯುತ್ತದೆ. 104ರ ಮಾಮೂಲಿ ಸಮಯಗಳು ಟಿ1 (ಕಳಿಸಿದ್ದಕ್ಕೆ ಉತ್ತರ ಕಾಯುವ ಸಮಯ) 15, ಟಿ2 10, ಟಿ3 20 ಸೆಕೆಂಡ್. ಮೊಬೈಲ್ ಜಾಲಕ್ಕೆ ಟಿ1 15 ಬಿಗಿಯಾಗುತ್ತದೆ. 30ಕ್ಕೆ ಏರಿಸಿದ ಮೇಲೆ ಸುಮ್ಮಸುಮ್ಮನೆ ಕಡಿಯುವುದು ನಿಂತಿತು. ಎರಡೂ ತುದಿಯಲ್ಲಿ ಬದಲಿಸಬೇಕು. ಕೊಂಡಿ ಮರಳಿದ ಕೂಡಲೇ ಆರ್‌ಟಿಯು ತಾನು ಕೂಡಿಟ್ಟುಕೊಂಡ ಹಳೆಯ ಘಟನೆಗಳನ್ನೆಲ್ಲ ಒಟ್ಟಿಗೆ ಸುರಿಯುತ್ತದೆ. ಅವನ್ನು ‘ಈಗ ಆದದ್ದು’ ಎಂದು ಓದದೆ, ಮೊದಲು ಜನರಲ್ ಇಂಟರಾಗೇಷನ್ ಮಾಡಿ ಸದ್ಯದ ಸ್ಥಿತಿ ತಿಳಿದುಕೊಳ್ಳುವಂತೆ ಹೊಂದಿಸಿಕೊಳ್ಳಿ. ಇನ್ನು ಆರ್‌ಎಂಯು ಒಳಗಿನ ಬ್ಯಾಟರಿ: ಕರೆಂಟ್ ಹೋದಾಗಲೇ ಮಾತಾಡಬೇಕಾದ ಪೆಟ್ಟಿಗೆ ಕರೆಂಟ್ ಹೋದ ಕೂಡಲೇ ಸಾಯುತ್ತಿದ್ದರೆ ತಂತ್ರಾಂಶವನ್ನು ಬೈದು ಫಲವಿಲ್ಲ. ಏಪ್ರಿಲ್‌ಗೆ ಮೊದಲು ಪ್ರತಿಯೊಂದರ ಎಸಿ ತೆಗೆದು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ.

ಗಡಿಯಾರದ ತಪ್ಪು ಪತ್ತೆಯಾಗಲು ತಡವಾಯಿತು. 104ರ ಸಮಯಮುದ್ರೆಯಲ್ಲಿ ಕಾಲವಲಯ ಇರುವುದಿಲ್ಲ. ಹಳೆಯ ಆರ್‌ಟಿಯುಗಳು ಭಾರತೀಯ ಕಾಲಮಾನದಲ್ಲಿ, ಹೊಸವು ಯುಟಿಸಿಯಲ್ಲಿ ಇದ್ದರೆ ಒಂದೇ ಸಿಡಿಲಿಗೆ ಬಿದ್ದ ಎರಡು ಫೀಡರ್‌ಗಳ ನಡುವೆ ಐದೂವರೆ ಗಂಟೆ ಅಂತರ ಕಾಣುತ್ತದೆ. ಒಂದೇ ಸಮಯಮೂಲ, ಒಂದೇ ವಲಯ ಎಂದು ಗುತ್ತಿಗೆಯಲ್ಲೇ ಬರೆಸಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದಂತೆ ಸಮಯ ಹೊಂದಾಣಿಕೆ, 180 ದಿನದ ಲಾಗ್, ಸೈಬರ್ ಘಟನೆ ನಡೆದರೆ 6 ಗಂಟೆಯೊಳಗೆ ವರದಿ ಹೇಗೂ ಬೇಕು.

ಈ ತಂತ್ರಾಂಶದಲ್ಲಿ ನಮಗೆ ತುಂಬ ಇಷ್ಟವಾದದ್ದು ಹಂತಹಂತದ ಮರುಸ್ಥಾಪನೆಯ ಲೆಕ್ಕ. 3,000 ಗ್ರಾಹಕರ ಫೀಡರ್ ಟ್ರಿಪ್ ಆಯಿತು. ನಡುವಿನ ಜಿಓಎಸ್ ತೆಗೆದು 20 ನಿಮಿಷದಲ್ಲಿ 2,400 ಮನೆಗೆ ಕರೆಂಟ್ ಕೊಟ್ಟರು. ಉಳಿದ 600 ಮನೆಗೆ 120 ನಿಮಿಷ ಹಿಡಿಯಿತು. ಸರಿಯಾದ ಲೆಕ್ಕ 1,20,000 ಗ್ರಾಹಕ–ನಿಮಿಷ. ಹಳೆಯ ಪದ್ಧತಿಯಲ್ಲಿ ಕೊನೆಯ ಮನೆಗೆ ಬಂದಾಗಲೇ ಔಟೇಜ್ ಮುಚ್ಚುತ್ತಿದ್ದುದರಿಂದ 3,60,000 ಬರುತ್ತಿತ್ತು. ಮಳೆಯಲ್ಲಿ ಓಡಿ ಜಿಓಎಸ್ ತೆಗೆದವರ ಶ್ರಮ ಸೈಡಿ (ಗ್ರಾಹಕರಿಗೆ ಸರಾಸರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂಬ) ಅಂಕಿಯಲ್ಲಿ ಕಾಣುತ್ತಲೇ ಇರಲಿಲ್ಲ. ಜಿಓಎಸ್ ಕೈಯಿಂದ ಎಳೆಯುವುದಾದ್ದರಿಂದ ಅದರ ಸಮಯವನ್ನು ಪವರ್‌ಮ್ಯಾನ್ ಫೋನ್ ಮಾಡಿದ ಗಳಿಗೆಯಲ್ಲೇ ಕಂಟ್ರೋಲ್ ರೂಮಿನವರು ಹಾಕಬೇಕು.

ಎಲ್‌ಸಿ ಭಾಗವೂ ಗಟ್ಟಿಯಾಗಿದೆ. ಒಂದೇ ಫೀಡರಿನ ಮೇಲೆ ಮೂರು ತಂಡಕ್ಕೆ ಎಲ್‌ಸಿ ಕೊಟ್ಟಿದ್ದರೆ ಮೂರೂ ವಾಪಸ್ ಆಗುವ ತನಕ ಆನ್ ಆದೇಶ ಹೋಗುವುದಿಲ್ಲ. ಆದರೆ ಸ್ಟೇಷನ್ ಪ್ಯಾನೆಲ್‌ನಲ್ಲಿ ಲೋಕಲ್‌ಗೆ ತಿರುಗಿಸಿ ಚಾರ್ಜ್ ಮಾಡುವುದನ್ನು ಇದು ತಡೆಯಲಾರದು. ಪ್ಯಾನೆಲ್‌ಗೆ ಫಲಕ ತೂಗುಹಾಕುವುದು, ಡಿಸ್ಚಾರ್ಜ್ ರಾಡ್ ಹಾಕುವುದು ಮೊದಲಿನಂತೆಯೇ ಇರಲಿ. ಜನರೇಟರ್, ಮನೆಯ ಯುಪಿಎಸ್ ಕಡೆಯಿಂದ ಬರುವ ಬ್ಯಾಕ್‌ಫೀಡ್ ಯಾವ ಪರದೆಯಲ್ಲೂ ಕಾಣದು.

ಮೊಬೈಲ್ ಆ್ಯಪ್ ಸಾಧಾರಣ. ಸಿಗ್ನಲ್ ಇಲ್ಲದ ತೋಟದಲ್ಲಿ ನಮೂದಿಸಿದ್ದು ಉಳಿದು, ರಸ್ತೆಗೆ ಬಂದಾಗ ತಾನೇ ಹೋಗುತ್ತದೆ, ಒಳ್ಳೆಯದು. ಹುಡುಕಾಟ ಮಾತ್ರ ಕೆಟ್ಟದು: ‘ತಣ್ಣೀರುಹಳ್ಳ’ ಎಂದು ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಕ್ಷರದಲ್ಲಿ ದಾಖಲಾದ ಊರು ಸಿಗುವುದಿಲ್ಲ. ಎರಡೂ ಲಿಪಿಯ ಹೆಸರಿನ ಪಟ್ಟಿಯನ್ನು ಕೈಯಾರೆ ತುಂಬಬೇಕಾಯಿತು.

ಎಸ್ಎಂಎಸ್ ಬಗ್ಗೆಯೂ ಹೇಳಬೇಕು. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ ಸಿಗುವುದು 70. ಅದರಲ್ಲೂ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲ ಪ್ರತ್ಯೇಕ ಎಣಿಕೆ. ‘ವಿದ್ಯುತ್’ ಒಂದೇ 8 ಸ್ಥಾನ, ‘ಕರೆಂಟ್’ 6. ತಂತ್ರಾಂಶದ ಜೊತೆ ಬಂದ ಕನ್ನಡ ಮಾದರಿ ಇಂಗ್ಲಿಷಿನಿಂದ ಇಳಿಸಿದ್ದು, ಮೂರು ತುಂಡಾಗಿ ಹೋಗುತ್ತಿತ್ತು. ‘ಕೆ.ಆರ್.ಪುರಂ: ಕರೆಂಟ್ ಸಂಜೆ 6ಕ್ಕೆ ಬರಬಹುದು. ಕಾರಣ: ಮರ ಬಿದ್ದಿದೆ’ ಎಂಬಷ್ಟು ಸಾಕು, ಒಂದೇ ಸಂದೇಶದಲ್ಲಿ ಮುಗಿಯುತ್ತದೆ. ಮಾದರಿಯನ್ನು ಡಿಎಲ್‌ಟಿಯಲ್ಲಿ (ಸಂಸ್ಥೆಗಳ ಎಸ್ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ) ಮೊದಲೇ ನೋಂದಾಯಿಸಬೇಕು. ತಂಡ ಜಾಗಕ್ಕೆ ತಲುಪುವ ಮುನ್ನ ಕರೆಂಟ್ ಬರುವ ಸಮಯ ಕಳಿಸುವ ಆಯ್ಕೆಯನ್ನು ಆಫ್ ಮಾಡಿ; ಸುಳ್ಳಾದ ಆರು ಗಂಟೆಯಿಂದ ಎರಡನೆಯ ಸುತ್ತಿನ ಫೋನ್ ಮೊದಲಿಗಿಂತ ಹೆಚ್ಚು ಬರುತ್ತದೆ.

ಮುಂದಿನ ಮುಂಗಾರಿಗೆ ಇಂಥದ್ದನ್ನು ಹಾಕಿಕೊಳ್ಳುವವರು ಟಿಸಿ ಸರ್ವೆಯನ್ನು ಫೆಬ್ರವರಿಯಲ್ಲಿ ಶುರುಮಾಡಿ, ಕಾಫಿ ಕೊಯ್ಲಿನ ಗಡಿಬಿಡಿ ಇಳಿದು ತೋಟದ ದಾರಿಗಳಲ್ಲಿ ಓಡಾಡಲು ಆಗುವ ಹೊತ್ತದು. ಆರ್‌ಟಿಯು ವರ್ಗಾವಣೆ ಮಾರ್ಚ್ ಕೊನೆಗೆ ನಿಲ್ಲಬೇಕು. ಅಶ್ವಿನಿ, ಭರಣಿಯ ಗುಡುಗಿನಲ್ಲಿ ಅರ್ಧ ಹಳೆಯದು ಅರ್ಧ ಹೊಸದು ಇಟ್ಟುಕೊಳ್ಳಬೇಡಿ. ಉಳಿದ ಸ್ಟೇಷನ್‌ಗಳನ್ನು ಮಳೆ ಮುಗಿದ ಮೇಲೆ, ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದಿರುವ ದಿನಗಳನ್ನು ಬಿಟ್ಟು, ಮತ್ತೆ ಕೈಗೆತ್ತಿಕೊಳ್ಳಬಹುದು.