ಬವಳಿ ಬರುವವರಿಗೆ ಬಿಗಿ ಕಾಲುಚೀಲ: ಮೊಣಕಾಲಿಗೇ ನಿಂತರೆ ಸಾಲದು

ಹೆಚ್ಚು ಹೊತ್ತು ನಿಂತರೆ ಕಣ್ಣು ಕತ್ತಲಿಟ್ಟು ಬವಳಿ ಬರುತ್ತದೆ ಎಂದು ಶಿವಮೊಗ್ಗದ ಸರ್ಜಿಕಲ್ ಅಂಗಡಿಯಲ್ಲಿ ಕಂಪ್ರೆಷನ್ ಸ್ಟಾಕಿಂಗ್ಸ್ ಕೇಳಿದರೆ, ಕೌಂಟರಿನ ಮೇಲೆ ಮೊದಲು ಬಂದು ಬೀಳುವುದು ಕಾಲಿನ ರಕ್ತನಾಳ ಉಬ್ಬುವ ವೆರಿಕೋಸಿನವರಿಗೆಂದು ಇಟ್ಟ ಮೊಣಕಾಲುದ್ದದ ಜೋಡಿ. ಪೆಟ್ಟಿಗೆಯ ಮೇಲೆ 'ಎಡಿ' ಎಂದಿರುತ್ತದೆ. ಬವಳಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ನಿಂತಾಗ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಕೆಳಗಿಳಿಯುತ್ತದೆ. ಅದರ ದೊಡ್ಡ ಪಾಲು ಹೊಟ್ಟೆ, ಸೊಂಟ, ತೊಡೆಯಲ್ಲೇ ತಂಗಿರುವಾಗ ಮೀನಖಂಡ ಒಂದನ್ನೇ ಹಿಂಡಿ ಏನು ಪ್ರಯೋಜನ?

ಕೇಳಬೇಕಾದದ್ದು ತೊಡೆವರೆಗಿನ 'ಎಜಿ', ಕ್ಲಾಸ್ 2, ಅಂದರೆ ಕಣಕಾಲಿನಲ್ಲಿ ಸುಮಾರು 23ರಿಂದ 32 ಎಂಎಂ ಪಾದರಸದಷ್ಟು ಒತ್ತಡ. ಸೊಂಟದವರೆಗೆ ಬರುವ 'ಎಟಿ' ಸಿಕ್ಕರೆ ಇನ್ನೂ ಮೇಲು. ಬೇಸಿಗೆಯ ಸೆಖೆಗೆ ಅಷ್ಟುದ್ದ ಆಗದು ಎನ್ನುವವರಿಗೆ ಬಾಣಂತಿಯರು ಕಟ್ಟುವ ಹೊಟ್ಟೆ ಬೆಲ್ಟೇ ವಾಸಿ. ಸೀರೆಯೊಳಗೆ, ಪಂಚೆಯೊಳಗೆ ಕಾಣುವುದೂ ಇಲ್ಲ. ಅಳತೆಯನ್ನು ಬೆಳಿಗ್ಗೆ ಎದ್ದಕೂಡಲೇ, ಕಾಲು ಊದುವ ಮುಂಚೆ ತೆಗೆಯಬೇಕು: ಕಣಕಾಲಿನ ಸಣ್ಣ ಜಾಗ, ಮೀನಖಂಡದ ದಪ್ಪ ಜಾಗ, ತೊಡೆಯ ಮೇಲ್ಭಾಗ. ಚಪ್ಪಲಿ ನಂಬರ್ ನೋಡಿ ಕೊಡುವ ಅಂಗಡಿಯಿಂದ ಎದ್ದು ಬನ್ನಿ.

ಹಾಸಿಗೆಯಿಂದ ಏಳುವ ಮೊದಲೇ ಹಾಕಿಕೊಳ್ಳಬೇಕು. ಹಿಮ್ಮಡಿಯವರೆಗೆ ಒಳಮಗ್ಗುಲು ಹೊರಗೆ ಮಾಡಿ, ಪಾದ ಕೂರಿಸಿ, ಸುಕ್ಕು ಬಾರದಂತೆ ಸವರುತ್ತಾ ಮೇಲೆ ತರುವುದು. ಉದ್ದ ಜಾಸ್ತಿಯಾಯಿತೆಂದು ಮೇಲಂಚನ್ನು ಸುರುಳಿ ಸುತ್ತಿದಿರೋ, ಅದು ಹಗ್ಗ ಬಿಗಿದಂತಾಗಿ ರಕ್ತವನ್ನು ಕೆಳಗೇ ತಡೆಯುತ್ತದೆ. ರಾತ್ರಿ ತೆಗೆಯಿರಿ. ಕಾಲಿಗೆ ರಕ್ತ ಸಂಚಾರ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ವೈದ್ಯರನ್ನು ಕೇಳದೆ ಹಾಕಲೇಬಾರದು. ಓಡುವಾಗ ಅಥವಾ ಮಲಗಿದ್ದಾಗಲೇ ಪ್ರಜ್ಞೆ ತಪ್ಪುವವರಿಗೆ ಕಾಲುಚೀಲಕ್ಕಿಂತ ಮೊದಲು ಇಸಿಜಿ ಆಗಬೇಕು.

ಮಲೆನಾಡಿನ ಮಳೆಗಾಲ ಇದರ ದೊಡ್ಡ ಶತ್ರು. ಒಂದು ಜೋಡಿ ಒಣಗುವುದೇ ಇಲ್ಲ, ಎರಡು ಬೇಕು. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಎಲಾಸ್ಟಿಕ್ ಸತ್ತೇ ಹೋಗುತ್ತದೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹರವಿ. ಬೆರಳ ಸಂದು ಕೆಡುವವರು ಬೆರಳು ತೆರೆದಿರುವ ಮಾದರಿ ಕೊಳ್ಳಿ.

ಇಷ್ಟೆಲ್ಲ ಪಾಡು ಪಟ್ಟು ಸಿಗುವುದೇನು? ಬವಳಿ ಪೂರ್ತಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಚ್ಚಿನವರಿಗೆ ಬಿದ್ದದ್ದಕ್ಕಿಂತ ಬೀಳುವ ಹೆದರಿಕೆಯೇ ಬದುಕನ್ನು ಕಿರಿದು ಮಾಡಿರುತ್ತದೆ. ಸಿಗಂದೂರಿನ ಸಾಲಿನಲ್ಲಿ ಒಮ್ಮೆ ಕುಸಿದರೆ ಮುಂದಿನ ವರ್ಷ ದರ್ಶನ ಬೇಡ, ಆಮೇಲೆ ಮದುವೆ ಮನೆ ಬೇಡ, ಕೊನೆಗೆ ಒಬ್ಬರೇ ಬಸ್ ಹತ್ತುವುದೂ ಬೇಡ. ಹೆದರಿಕೆಗೆ ಬರುವ ಬೆವರು, ಎದೆ ಡವಡವವೂ ಬವಳಿಯ ಮುನ್ಸೂಚನೆಯಂತೆಯೇ ಇರುವುದರಿಂದ ಗೊಂದಲ ಇಮ್ಮಡಿ. ನೋಡಿದವರು ಫಿಟ್ಸ್ ಎಂದು ಕೈಗೆ ಬೀಗದ ಕೈ ತುರುಕಿ, ಎಬ್ಬಿಸಿ ಕೂರಿಸುತ್ತಾರೆ; ಬೇಕಾದದ್ದು ಮಲಗಿಸಿ ಕಾಲೆತ್ತುವುದು. ಬಿಗಿ ಕಾಲುಚೀಲ ಸಾಲಿನಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲುವ ಧೈರ್ಯ ಕೊಡುತ್ತದೆ. ಜೊತೆಗೆ ಕಾಸಿಲ್ಲದ ಉಪಾಯವನ್ನೂ ಕಲಿಯದಿದ್ದರೆ ಮಾತ್ರ ಅದೇ ಊರುಗೋಲಾಗುತ್ತದೆ: ಕಣ್ಣು ಮಂಜಾದ ಕ್ಷಣವೇ ಕಾಲಿನ ಮೇಲೆ ಕಾಲು ಅಡ್ಡಹಾಕಿ ತೊಡೆ, ಪೃಷ್ಠ, ಹೊಟ್ಟೆ ಬಿಗಿಹಿಡಿದು, ಎರಡೂ ಕೈಬೆರಳು ಕೊಂಡಿ ಹಾಕಿ ಹೊರಕ್ಕೆಳೆಯುವುದು, ಮಂಜು ಸರಿಯುವವರೆಗೂ ಬಿಡಬಾರದು. ಅದಕ್ಕೂ ಬಗ್ಗದಿದ್ದರೆ ಕುಕ್ಕರುಗಾಲಲ್ಲಿ ಕೂರಿ. ಅಡಿಕೆ ಬೇಯಿಸುವ ಹಂಡೆಯ ಕಾವಿಗೆ ನಿಂತವರಿಗಂತೂ ಇದು ಬಾಯಿಪಾಠವಾಗಿರಬೇಕು.

ಕಾಲುಚೀಲ ಕೈಕೊಡುವ ಜಾಗ ಬಚ್ಚಲುಮನೆ. ಅಲ್ಲಿ ಅದನ್ನು ತೆಗೆದಿರುತ್ತೀರಿ, ಹಂಡೆಯ ಸುಡುನೀರಿಗೆ ಮೈಯ ರಕ್ತನಾಳಗಳೆಲ್ಲ ಹಿಗ್ಗಿರುತ್ತವೆ. ಮಣೆ ಹಾಕಿ ಕೂತು ಮೀಯಿರಿ, ಕೊನೆಯ ನಾಲ್ಕು ಚೊಂಬು ತಣ್ಣೀರು ಕಾಲಿಗೆ ಹೊಯ್ದು ನಿಧಾನಕ್ಕೆ ಏಳಿ, ಒಳಗಿನಿಂದ ಚಿಲಕ ಹಾಕಬೇಡಿ.