ಜೋಡಿ ಜೋಡಿಯಾಗಿ ಓದಿ ಆರಿಸಿಕೊಂಡ ಮೆಚ್ಚಿನ ಪುಸ್ತಕಗಳು

ಒಂದೇ ಬಗೆಯ ಎರಡು ಪುಸ್ತಕಗಳನ್ನು ಒಂದರ ಬೆನ್ನಿಗೆ ಒಂದು ಓದಿದರೆ ಎರಡರ ಗುಣವೂ ಚೆನ್ನಾಗಿ ಗೊತ್ತಾಗುತ್ತದೆ. ನಾನು ಓದುವುದು ಹೀಗೆ. ಕತೆ ಪೂರ್ತಿ ಗೊತ್ತಾದ ಮೇಲೂ ಯಾವುದು ಮತ್ತೆ ಓದಿಸಿಕೊಳ್ಳುತ್ತದೆ ಎನ್ನುವುದೇ ನನ್ನ ಅಳತೆ.

ಮೊದಲು ವೈಜ್ಞಾನಿಕ ಕಾದಂಬರಿ. ಆರ್ಥರ್ ಸಿ. ಕ್ಲಾರ್ಕ್ ಅವರ 'ರಾಂಡೆವೂ ವಿತ್ ರಾಮ' (1973) ಒಂದು ಕಡೆ, ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಅವರ 'ಸೋಲಾರಿಸ್' (1961) ಇನ್ನೊಂದು ಕಡೆ. ಎರಡರಲ್ಲೂ ಮನುಷ್ಯರು ತಮಗೆ ಅರ್ಥವೇ ಆಗದ ಒಂದರ ಎದುರು ನಿಲ್ಲುತ್ತಾರೆ. ಕೊನೆಗೂ ಅದು ಬಿಡಿಸಲಾಗದ ಗಂಟಾಗಿಯೇ ಉಳಿಯುತ್ತದೆ. ಆದರೆ ಓದುವ ಅನುಭವ ಮಾತ್ರ ಅಜಗಜಾಂತರ.

ರಾಮ ಎಂದರೆ ಅನ್ಯಲೋಕದ ಒಂದು ಬಾಹ್ಯಾಕಾಶ ನೌಕೆ, 50 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಟೊಳ್ಳು ಸಿಲಿಂಡರ್. ಅದು ತಿರುಗುತ್ತಿರುವುದರಿಂದ ಅದರ ಒಳಮೈ ಮೇಲೆ ನಡೆದಾಡಬಹುದು. ನಡುವೆ ಸುತ್ತಲೂ ಹಬ್ಬಿದ ಸಮುದ್ರ. ತಲೆ ಎತ್ತಿದರೆ ಅದೇ ಸಮುದ್ರ ನೆತ್ತಿಯ ಮೇಲೆ! ಅದರ ಒಂದು ದಂಡೆ 50 ಮೀಟರ್ ಎತ್ತರ, ಇನ್ನೊಂದು 500 ಮೀಟರ್. ಯಾಕೆ ಹೀಗೆ? ನೌಕೆ ವೇಗ ಹೆಚ್ಚಿಸಿಕೊಂಡಾಗ ನೀರು ಒಂದೇ ಕಡೆಗೆ ನುಗ್ಗುತ್ತದೆ. ಅದನ್ನು ತಡೆಯಲು ಎತ್ತರದ ದಂಡೆ ಬೇಕು. ಒಂದು ಗೋಡೆಯ ಎತ್ತರದಿಂದ ನೌಕೆಯ ಸ್ವಭಾವವನ್ನೇ ಊಹಿಸುವ ಇಂಥ ಜಾಗಗಳಲ್ಲಿ ಕ್ಲಾರ್ಕ್ ಅವರಿಗೆ ಸಾಟಿಯಿಲ್ಲ. ಪಾತ್ರಗಳು ಮಾತ್ರ ತೆಳು. ರಾಮದ ಒಳಗೆ ಹೋಗುವ ತಂಡದ ನಾಯಕ ಕಮಾಂಡರ್ ನಾರ್ಟನ್ ಒಳ್ಳೆಯ ಕ್ಯಾಪ್ಟನ್, ಅಷ್ಟೇ. ಪುಸ್ತಕ ಮುಚ್ಚಿದ ಮೇಲೆ ನೆನಪಾಗುವುದು ಜಾಗ, ಜನರಲ್ಲ.

'ಸೋಲಾರಿಸ್'ನಲ್ಲಿ ಇದು ತಿರುಗಾಮುರುಗಾ. ಗ್ರಹವನ್ನು ಆವರಿಸಿದ ಒಂದು ಸಾಗರ. ಅದಕ್ಕೇ ಜೀವವಿದೆ. ಅದು, ತನ್ನನ್ನು ಅಧ್ಯಯನ ಮಾಡಲು ಬಂದ ವಿಜ್ಞಾನಿ ಕೆಲ್ವಿನ್‌ನ ನೆನಪಿನಿಂದ ಅವನ ಸತ್ತ ಹೆಂಡತಿಯನ್ನು ರೂಪಿಸಿ ಕಳಿಸುತ್ತದೆ. ಅವಳ ಉಡುಪು ಬಿಚ್ಚಲು ಬರುವುದಿಲ್ಲ, ಕತ್ತರಿಯಲ್ಲೇ ಕತ್ತರಿಸಬೇಕು. ನೆನಪಿನಲ್ಲಿ ಉಡುಪಿನ ಚಿತ್ರವಿತ್ತು, ಅದನ್ನು ಬಿಚ್ಚುವ ಬಗೆ ಇರಲಿಲ್ಲ. ಇಷ್ಟು ಸಣ್ಣ ವಿವರ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಮೊದಲ ಸಲ ಓದುವಾಗ ಸಾಗರದ ಬಗ್ಗೆ ವಿಜ್ಞಾನಿಗಳು ಬರೆದದ್ದನ್ನೆಲ್ಲ ವಿವರಿಸುವ ಪುಟಗಳು ಜಾಸ್ತಿ ಆಯಿತು ಅನ್ನಿಸಬಹುದು. ಎರಡನೇ ಓದಿನಲ್ಲಿ ನನಗೆ ಅವೇ ತುಂಬಾ ಹಿಡಿಸಿದವು. ಅಷ್ಟೊಂದು ಜ್ಞಾನ, ಆದರೂ ಸಾಗರದ ಜೊತೆ ಒಂದು ಮಾತೂ ಸಾಧ್ಯವಾಗಿಲ್ಲ. ಹಾಗಾಗಿ ನನ್ನ ಆಯ್ಕೆ ಲೆಮ್. ಇಂಗ್ಲಿಷಿನಲ್ಲಿ ಓದುವವರು ಬಿಲ್ ಜಾನ್‌ಸ್ಟನ್ ಅವರ 2011ರ ಅನುವಾದವನ್ನೇ ಹುಡುಕಿ. ಅದು ನೇರವಾಗಿ ಪೋಲಿಷ್‌ನಿಂದ ಬಂದದ್ದು. 1970ರ ಹಳೆಯ ಅನುವಾದ ಫ್ರೆಂಚ್ ಮೂಲಕ ಸುತ್ತಿ ಬಂದದ್ದು.

ಭಯದ ಪುಸ್ತಕಗಳಿಗೆ ಬಂದರೆ, ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' (1897) ಮತ್ತು ಶರ್ಲಿ ಜಾಕ್ಸನ್ ಅವರ 'ದ ಹಾಂಟಿಂಗ್ ಆಫ್ ಹಿಲ್ ಹೌಸ್' (1959). 'ಡ್ರಾಕುಲಾ'ದ ಮೊದಲ ನಾಲ್ಕು ಅಧ್ಯಾಯಗಳಷ್ಟು ಒಳ್ಳೆಯ ಆರಂಭ ಅಪರೂಪ. ಅತಿಥಿಯಾಗಿ ಬಂದ ಹಾರ್ಕರ್, ಬಾಗಿಲ ಸಂದಿಯಿಂದ ನೋಡುತ್ತಾನೆ: ಕೋಟೆಯ ಒಡೆಯ ಕೌಂಟ್ ಡ್ರಾಕುಲಾ ಸ್ವತಃ ಊಟದ ಮೇಜು ಸಿದ್ಧಮಾಡುತ್ತಿದ್ದಾನೆ. ಅಂದರೆ ಇಡೀ ಕೋಟೆಯಲ್ಲಿ ಆಳುಗಳೇ ಇಲ್ಲ! ಗೋಡೆ ಮೇಲೆ ತಲೆಕೆಳಗಾಗಿ ತೆವಳುವ ದೃಶ್ಯಕ್ಕಿಂತ ನನಗೆ ಇದೇ ಹೆಚ್ಚು ಭಯ ತಂದಿತು. ಆಮೇಲೆ ಕತೆ ಇಂಗ್ಲೆಂಡಿಗೆ ಹೋಗುತ್ತದೆ, ಕೌಂಟ್ ಹೆಚ್ಚು ಹೊತ್ತು ಕಣ್ಣಿಗೇ ಬೀಳುವುದಿಲ್ಲ. ಡೈರಿ, ಪತ್ರ, ಟೆಲಿಗ್ರಾಂಗಳಲ್ಲಿ ಬೇಟೆ ಎಳೆದಾಡುತ್ತದೆ.

'ಹಿಲ್ ಹೌಸ್' ಎಲ್ಲೂ ಸಡಿಲವಾಗುವುದಿಲ್ಲ. 11 ವರ್ಷ ಕಾಯಿಲೆಯ ತಾಯಿಯ ಆರೈಕೆ ಮಾಡಿದ ಎಲೀನರ್‌ಗೆ, ತನ್ನನ್ನು ಕರೆದ ಮೊದಲ ಮನೆ ಇದು. ಮನೆಯಲ್ಲಿ ದೆವ್ವ ಇದೆಯಾ, ಇಲ್ಲ ಎಲ್ಲವೂ ಅವಳ ಒಂಟಿತನವೇ? ಎರಡಕ್ಕೂ ಸಾಕ್ಷಿ ಸಿಗುತ್ತದೆ. ಕತ್ತಲಲ್ಲಿ ಕೈ ಹಿಡಿದುಕೊಳ್ಳುವ ಒಂದು ದೃಶ್ಯವಿದೆ, ಅದರ ಬಗ್ಗೆ ಇಷ್ಟೇ ಹೇಳುತ್ತೇನೆ. ಒಂದೇ ಪುಸ್ತಕ ಓದುವಷ್ಟು ಸಮಯ ಇದ್ದರೆ ಜಾಕ್ಸನ್ ಅವರದ್ದನ್ನೇ ಓದಿ.

ಫ್ಯಾಂಟಸಿಯಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಹೊಸಬರಿಗೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' (1968) ಕೊಡುತ್ತೇನೆ. ಪುಟ್ಟ ಪುಸ್ತಕ. ಜಂಬದಿಂದ ಹುಡುಗನೊಬ್ಬ ಒಂದು ನೆರಳನ್ನು ಬಿಡುಗಡೆ ಮಾಡಿ, ಕೊನೆಗೆ ಅದನ್ನೇ ಎದುರಿಸುತ್ತಾನೆ. ಮರುಓದಿಗೆ ಮಾತ್ರ ಟೋಲ್ಕಿನ್ ಅವರ 'ದ ಲಾರ್ಡ್ ಆಫ್ ದ ರಿಂಗ್ಸ್' (1954-55). ಅದರ ಹಾಡು, ಹಾಳುಬಿದ್ದ ಕೋಟೆಗಳ ಹಿಂದೆ ಸಾವಿರಾರು ವರ್ಷಗಳ ಕತೆಯಿದೆ. ಪ್ರತಿ ಸಲ ಹೊಸದೊಂದು ಸಿಗುತ್ತದೆ.

ಇನ್ನು ಕಲೆ. ಗೋಂಬ್ರಿಕ್ ಅವರ 'ದ ಸ್ಟೋರಿ ಆಫ್ ಆರ್ಟ್' (1950) ಗುಹಾಚಿತ್ರಗಳಿಂದ ಶುರುವಾಗಿ, ಪ್ರತಿ ಕಲಾವಿದನ ಎದುರು ಯಾವ ಸಮಸ್ಯೆ ಇತ್ತು ಎಂದು ಸರಳವಾಗಿ ಹೇಳುತ್ತದೆ. ಜಾನ್ ಬರ್ಜರ್ ಅವರ 'ವೇಸ್ ಆಫ್ ಸೀಯಿಂಗ್' (1972) ಟಿವಿ ಸರಣಿಯಿಂದ ಹುಟ್ಟಿದ್ದು. ಏಳು ಪ್ರಬಂಧ, ಅವುಗಳಲ್ಲಿ ಮೂರರಲ್ಲಿ ಚಿತ್ರಗಳು ಮಾತ್ರ. ಬರ್ಜರ್ ವ್ಯಾನ್ ಗೋ ಅವರ ಕಾಗೆಗಳ ಗದ್ದೆಯ ಚಿತ್ರ ತೋರಿಸುತ್ತಾರೆ. ಪುಟ ತಿರುಗಿಸಿದರೆ ಅದೇ ಚಿತ್ರ, ಕೆಳಗೆ 'ಸಾಯುವ ಮೊದಲು ಬರೆದ ಕೊನೆಯ ಚಿತ್ರ' ಎಂಬ ಮಾತು. ತಕ್ಷಣ ಚಿತ್ರವೇ ಬದಲಾದಂತೆ ಕಾಣುತ್ತದೆ, ಅಲ್ವಾ? ಅದು ನಿಜಕ್ಕೂ ಕೊನೆಯದಲ್ಲ ಎಂದು ಆಮೇಲೆ ತಜ್ಞರು ತೋರಿಸಿದ್ದಾರೆ. ಜೊತೆಗಿರುವ ಮಾತು ಚಿತ್ರವನ್ನೇ ಬದಲಿಸುತ್ತದೆ ಎನ್ನುವ ಬರ್ಜರ್ ಅವರ ವಾದಕ್ಕೆ ಇದರಿಂದ ಇನ್ನೂ ಬಲ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಆದರೂ ನನ್ನ ಮೊದಲ ಆಯ್ಕೆ ಗೋಂಬ್ರಿಕ್. ಚಿತ್ರ ನೋಡುವ ಅಭ್ಯಾಸವಾದ ಮೇಲೆ ಬರ್ಜರ್ ಕೇಳುವ ಪ್ರಶ್ನೆಗಳು ಹೆಚ್ಚು ನಾಟುತ್ತವೆ. ಗೋಂಬ್ರಿಕ್ ಪುಸ್ತಕದ ಪುಟ್ಟ ಪಾಕೆಟ್ ಆವೃತ್ತಿಯಲ್ಲಿ ಚಿತ್ರಗಳೆಲ್ಲ ಹಿಂದಿನ ಅರ್ಧದಲ್ಲಿವೆ, ಪದೇಪದೇ ಮಗುಚಬೇಕು. ಆದಷ್ಟು ದೊಡ್ಡ ಆವೃತ್ತಿಯನ್ನೇ ತೆಗೆದುಕೊಳ್ಳಿ.